ಎಲ್ಲವೂ ಹೊರಮೈ: ಇಂಗಾಲದ ನ್ಯಾನೊ ಕೊಳವೆಯ ವಿದ್ಯುತ್ ಸ್ವಭಾವ



ಈ ದತ್ತಿ ಉಪನ್ಯಾಸಕ್ಕೆ ಮೂರು ಕರಾರುಗಳಿವೆ. ವಿಷಯ ಹೊಸ ವಿಜ್ಞಾನದ್ದಾಗಿರಬೇಕು, ಮಾತು ಕನ್ನಡದಲ್ಲಿರಬೇಕು, ಹಿಂದಿನ ಬೆಂಚಿನಲ್ಲಿ ಕೂತ ಪಿಯುಸಿ ಹುಡುಗಿಗೂ ತಿಳಿಯಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟ. ಅದಕ್ಕೇ ನನಗೆ ಚಿಕ್ಕಂದಿನಿಂದ ಗೊತ್ತಿರುವ ಜಾಗದಿಂದಲೇ ಶುರು ಮಾಡುತ್ತೇನೆ.

ಮೊಳಕಾಲ್ಮೂರಿನಲ್ಲಿ ನಮ್ಮ ಬೀದಿಯ ತುಂಬ ಮಗ್ಗಗಳ ಸದ್ದು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ತಾತ ಒಬ್ಬರಿದ್ದರು. ನೇಯ್ದಷ್ಟು ರೇಷ್ಮೆಯನ್ನು ಮುಂದಿನ ಮರಕ್ಕೆ ಸುತ್ತುವ ಮೊದಲು ಅಂಗೈಯನ್ನು ಬಟ್ಟೆಯ ಕೆಳಗೆ ಒಮ್ಮೆ ಆಡಿಸುತ್ತಿದ್ದರು. ಏಕೆಂದು ಕೇಳಿದ್ದಕ್ಕೆ, "ನೋಡಪ್ಪಾ, ಎಳೆ ತಪ್ಪಿದ್ರೆ ಕಣ್ಣು ಮೋಸ ಹೋಗುತ್ತೆ, ಕೈ ಹೋಗಲ್ಲ" ಅಂದರು. ಹಾಸಿನ ಎಳೆ ಒಂದು ಕಡಿದರೆ ಗಂಟು ಹಾಕುವವರೆಗೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಹೊಕ್ಕಿನ ಎಳೆ ತಪ್ಪಿದರೆ ಅಡ್ಡಕ್ಕೆ ಒಂದೇ ಗೆರೆ. ಕುಂದು ಅನ್ನುವುದು ಒಂದೇ ಜಾತಿಯದಲ್ಲ, ಅದು ಎಲ್ಲಿ ಬಿತ್ತು, ಯಾವ ದಿಕ್ಕಿನ ಎಳೆಯಲ್ಲಿ ಬಿತ್ತು ಎನ್ನುವುದೇ ಮುಖ್ಯ ಎಂದು ನಾನು ಕಲಿತದ್ದು ಭೌತಶಾಸ್ತ್ರದ ಪುಸ್ತಕದಿಂದಲ್ಲ, ಆ ಮಗ್ಗದಿಂದ.

ಇವತ್ತು ನಾನು ಹೇಳಹೊರಟಿರುವುದು ರೇಷ್ಮೆ ಎಳೆಗಿಂತ ಎಷ್ಟೋ ತೆಳುವಾದ ಇನ್ನೊಂದು ಎಳೆಯ ಕಥೆ. ಗೂಡಿನಿಂದ ಬಿಚ್ಚಿದ ಒಂಟಿ ರೇಷ್ಮೆ ನೂಲಿನ ಅಡ್ಡಳತೆ ಹತ್ತಿಪ್ಪತ್ತು ಮೈಕ್ರೊಮೀಟರ್. ಆ ನೂಲಿನ ಅಗಲದಲ್ಲಿ ಇಂಗಾಲದ ನ್ಯಾನೊ ಕೊಳವೆಗಳನ್ನು ಒತ್ತಾಗಿ ಜೋಡಿಸಿದರೆ ಹತ್ತು ಸಾವಿರ ಹಿಡಿಸುತ್ತವೆ. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಇಂಥ ಕೊಳವೆಗಳನ್ನು ಒಂದರೊಳಗೊಂದು ಸೇರಿಕೊಂಡ ರೂಪದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಒಂದೇ ಪದರದ ಕೊಳವೆ ಸಿಕ್ಕಿದ್ದು 1993ರಲ್ಲಿ. ರಷ್ಯಾದ ಇಬ್ಬರು ವಿಜ್ಞಾನಿಗಳು 1952ರಲ್ಲೇ ಇಂಗಾಲದ ಟೊಳ್ಳು ಎಳೆಗಳ ಚಿತ್ರ ಪ್ರಕಟಿಸಿದ್ದರು, ಆದರೆ ಅದು ಹೊರ ಜಗತ್ತಿನ ಗಮನಕ್ಕೆ ಬರಲಿಲ್ಲ.

ಪೆನ್ಸಿಲ್ ಕಡ್ಡಿಯ ಗ್ರಾಫೈಟಿನಿಂದ ಒಂದೇ ಒಂದು ಪದರವನ್ನು ಎತ್ತಿದರೆ ಅದು ಗ್ರಾಫೀನ್. ಜೇನುಹುಟ್ಟಿನ ಹಾಗೆ ಆರು ಮೂಲೆಯ ಕಣ್ಣುಗಳ ಬಲೆ, ಪ್ರತಿ ಮೂಲೆಯಲ್ಲೂ ಒಂದು ಇಂಗಾಲದ ಪರಮಾಣು, ಪಕ್ಕದ ಪರಮಾಣುವಿಗೆ 0.142 ನ್ಯಾನೊಮೀಟರ್ ದೂರ. ಈ ಹಾಳೆಯನ್ನು ಈಚಲು ಚಾಪೆಯಂತೆ ಸುರುಳಿ ಸುತ್ತಿ, ಅಂಚಿಗೆ ಅಂಚು ಕೂಡಿಸಿದರೆ ಕೊಳವೆ. ಚಾಪೆಯನ್ನು ನೇರ ಸುತ್ತಬಹುದು, ಓರೆಯಾಗಿಯೂ ಸುತ್ತಬಹುದು. ಸುತ್ತಿದ ರೀತಿಯನ್ನು ಎರಡು ಸಂಖ್ಯೆಗಳಲ್ಲಿ ಬರೆಯುತ್ತಾರೆ. ಹತ್ತು-ಹತ್ತು ಎಂಬ ಕೊಳವೆಯ ಅಡ್ಡಳತೆ ಸುಮಾರು 1.36 ನ್ಯಾನೊಮೀಟರ್.

ಹಾಳೆ ಅದೇ, ಪರಮಾಣು ಅದೇ. ಆದರೂ ಸುತ್ತಿದ ಓರೆ ಬದಲಾದರೆ ಒಂದು ಕೊಳವೆ ತಾಮ್ರದಂತೆ ವಿದ್ಯುತ್ತನ್ನು ಹರಿಯಬಿಡುತ್ತದೆ, ಇನ್ನೊಂದು ಸಿಲಿಕಾನಿನಂತೆ ಅರೆವಾಹಕವಾಗುತ್ತದೆ. ಇದನ್ನು 1992ರಲ್ಲಿ ಲೆಕ್ಕದಿಂದ ಹೇಳಿದರು, 1998ರಲ್ಲಿ ಅಳತೆಯಿಂದ ಕಂಡರು. ನಿಯಮ ಸರಳ: ಆ ಎರಡು ಸಂಖ್ಯೆಗಳ ವ್ಯತ್ಯಾಸ ಮೂರರಿಂದ ಭಾಗವಾದರೆ ಲೋಹದ ಗುಣ, ಆಗದಿದ್ದರೆ ಅರೆವಾಹಕ.

ಮೂರೇ ಏಕೆ? ನಮ್ಮೂರಿನ ಕೋಲಾಟವನ್ನು ನೆನೆಯಿರಿ. ಎಡ, ಬಲ, ನಡು ಎಂದು ಮೂರು ಹೆಜ್ಜೆಗೊಮ್ಮೆ ಮರಳುವ ವರಸೆ ಎಂದಿಟ್ಟುಕೊಳ್ಳೋಣ. ಸುತ್ತಿನಲ್ಲಿ ಹನ್ನೆರಡು ಜನರಿದ್ದರೆ ಕೊನೆಯವನ ಕೋಲು ಮೊದಲನೆಯವನ ಕೋಲಿಗೆ ಸರಿಯಾಗಿ ತಾಗುತ್ತದೆ. ಹದಿಮೂರಾದರೆ ಕೂಡುವ ಜಾಗದಲ್ಲಿ ತಾಳ ತಪ್ಪುತ್ತದೆ. ಎಲೆಕ್ಟ್ರಾನು ಅಲೆಯ ಹಾಗೆ ನಡೆದುಕೊಳ್ಳುತ್ತದೆ, ಗ್ರಾಫೀನಿನಲ್ಲಿ ವಿದ್ಯುತ್ತನ್ನು ಒಯ್ಯುವ ಅಲೆಯ ವರಸೆಯೂ ಮೂರು ಹೆಜ್ಜೆಯದು. ಕೊಳವೆಯ ಸುತ್ತಳತೆಯಲ್ಲಿ ವರಸೆ ಕೂಡಿದರೆ ಹಾದಿ ತೆರೆದಿರುತ್ತದೆ. ಕೂಡದಿದ್ದರೆ ಎಲೆಕ್ಟ್ರಾನಿನ ಮುಂದೆ ಶಕ್ತಿಯ ಕಂದಕ ಒಂದು ಬೀಳುತ್ತದೆ. ಒಂದು ನ್ಯಾನೊಮೀಟರ್ ಅಡ್ಡಳತೆಯ ಅರೆವಾಹಕ ಕೊಳವೆಯಲ್ಲಿ ಆ ಕಂದಕ ಸುಮಾರು 0.8 ಎಲೆಕ್ಟ್ರಾನ್ ವೋಲ್ಟ್. ಕೊಳವೆ ದಪ್ಪವಾದಷ್ಟೂ ಕಂದಕ ಕಿರಿದು. ಇಷ್ಟು ಪೀಠಿಕೆ ಸಾಕು.

ಈಗ ನನ್ನ ಮುಖ್ಯ ಮಾತು. ಒಂದು ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಹತ್ತು ಲಕ್ಷ ಪರಮಾಣುಗಳಿಗೆ ಒಂದರಂತೆ ಹೊರಮೈಯಲ್ಲಿ ಕೂತಿರುತ್ತದೆ, ಉಳಿದವೆಲ್ಲ ಒಳಗೆ. ತಂತಿಯ ಮೇಲೆ ಧೂಳು ಬೀಳಲಿ, ತೇವ ಹತ್ತಲಿ, ಒಳಗಿನ ಎಲೆಕ್ಟ್ರಾನುಗಳಿಗೆ ಅದರ ಸುದ್ದಿಯೇ ಇಲ್ಲ. ಒಂದು ಪದರದ ಇಂಗಾಲದ ಕೊಳವೆಗೆ ಒಳಮೈ ಎಂಬುದೇ ಇಲ್ಲ. ಪ್ರತಿಯೊಂದು ಪರಮಾಣುವೂ ಹೊರಗಿನ ಗಾಳಿಗೆ, ನೀರಿಗೆ, ಪಕ್ಕದ ವಿದ್ಯುದಂಶಕ್ಕೆ ಮುಖ ಕೊಟ್ಟೇ ನಿಂತಿದೆ. ಆದ್ದರಿಂದ ಹೊರಗಿನ ವಿದ್ಯುತ್ ಅಥವಾ ಕಾಂತಕ್ಷೇತ್ರ ಮತ್ತು ನೇಯ್ಗೆಯ ಕುಂದು ಇವೆರಡನ್ನು ಕೊಳವೆಯ ಗುಣಕ್ಕೆ ಆಮೇಲೆ ಬಂದು ಸೇರಿದ ತೊಂದರೆಗಳೆಂದು ಪಾಠ ಮಾಡುವುದು ತಪ್ಪು. ಅವು ಆ ಗುಣದೊಳಗೇ ಹಾಸುಹೊಕ್ಕಾಗಿವೆ.

ಮೊದಲು ವಿದ್ಯುತ್ ಕ್ಷೇತ್ರ. ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಸೀಸ್ ಡೆಕ್ಕರ್ ಅವರ ತಂಡ 1998ರಲ್ಲಿ ಒಂಟಿ ಅರೆವಾಹಕ ಕೊಳವೆಯನ್ನು ಎರಡು ಲೋಹದ ತುದಿಗಳ ಮೇಲೆ ಮಲಗಿಸಿತು. ಕೆಳಗೆ ಸಿಲಿಕಾನ್, ನಡುವೆ ಅದರ ಆಕ್ಸೈಡಿನ ತೆಳು ಪದರ. ಸಿಲಿಕಾನಿಗೆ ಕೊಟ್ಟ ವೋಲ್ಟೇಜನ್ನು ಏರಿಳಿಸಿದರೆ ಕೊಳವೆಯಲ್ಲಿ ಹರಿಯುವ ವಿದ್ಯುತ್ತು ಕೆರೆಯ ತೂಬನ್ನು ತೆರೆದು ಮುಚ್ಚಿದ ಹಾಗೆ ಏರಿತು, ನಿಂತಿತು. ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ಟ್ರಾನ್ಸಿಸ್ಟರ್ ಅದು. ಆದರೆ ತೂಬು ನಿಜಕ್ಕೂ ಎಲ್ಲಿದೆ? ಕೊಳವೆಯ ಮೈಯಲ್ಲಿದೆ ಎಂದೇ ಮೊದಲು ಎಲ್ಲರ ಎಣಿಕೆ. ಇಂಥ ಎಷ್ಟೋ ಟ್ರಾನ್ಸಿಸ್ಟರುಗಳಲ್ಲಿ ಲೋಹ ಮತ್ತು ಕೊಳವೆ ಮುಟ್ಟುವ ಜಾಗದಲ್ಲೇ ತಡೆಗೋಡೆ ಇರುತ್ತದೆ, ಕ್ಷೇತ್ರ ಮುಖ್ಯವಾಗಿ ಆ ಗೋಡೆಯನ್ನು ತೆಳುಮಾಡುತ್ತದೆ ಎಂದು ಆಮೇಲೆ ತಿಳಿಯಿತು. ಗಾಳಿಯ ಆಮ್ಲಜನಕ ಆ ಜೋಡಣೆಯ ಬಳಿ ಕೂತರೆ ಧನ ವಿದ್ಯುದಂಶಗಳಿಗೆ ಹಾದಿ ಸಲೀಸು. ನಿರ್ವಾತದಲ್ಲಿ ಬಿಸಿಮಾಡಿ ಆಮ್ಲಜನಕವನ್ನು ಓಡಿಸಿದರೆ ಅದೇ ಸಾಧನ ತಿರುಗಿ ನಿಂತು ಎಲೆಕ್ಟ್ರಾನುಗಳನ್ನು ಒಯ್ಯುತ್ತದೆ.

ಗಾಳಿಯ ಮಾತು ಬಂದಿತು, ಅದರ ತೇವವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಚಳ್ಳಕೆರೆ ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಸಿಲಿಕಾನ್ ಆಕ್ಸೈಡಿನ ಮೇಲೆ ಕೂತ ನೀರಿನ ಅಣುಗಳು ವಿದ್ಯುದಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ವೋಲ್ಟೇಜನ್ನು ಏರಿಸುವಾಗ ಬಂದ ವಿದ್ಯುತ್ತಿನ ರೇಖೆ ಇಳಿಸುವಾಗ ಬರುವುದಿಲ್ಲ. ಅದೇ ಕೊಳವೆಯನ್ನು ಆಗುಂಬೆಯ ಆಷಾಢದಲ್ಲಿ ಅಳೆದವರಿಗೂ ಇಲ್ಲಿನ ಮಾಘದಲ್ಲಿ ಅಳೆದವರಿಗೂ ಒಂದೇ ರೇಖೆ ಸಿಗಲಿಕ್ಕಿಲ್ಲ. ಒಣ ಗಾಳಿಯ ಇನ್ನೊಂದು ಕಥೆ ಇಲ್ಲಿನ ಕಂಬಳಿಯದು. ಚಳಿಗಾಲದ ರಾತ್ರಿ ಕತ್ತಲೆಯಲ್ಲಿ ಕಂಬಳಿ ಕೊಡವಿದರೆ ಚಟಪಟ ಕಿಡಿ ಹಾರುವುದನ್ನು ನೀವೆಲ್ಲ ಕಂಡಿದ್ದೀರಿ, ಅದು ಸಾವಿರಾರು ವೋಲ್ಟಿನ ಸ್ಥಿರ ವಿದ್ಯುತ್ತು. ನಮಗೆ ಬರೀ ಚುಮುಚುಮು. ನ್ಯಾನೊ ಕೊಳವೆಯ ಸಾಧನಕ್ಕೆ ಅಂಥ ಒಂದೇ ಕಿಡಿ ಸಾಕು, ಅದು ಸುಟ್ಟುಹೋಗುತ್ತದೆ. ಆ ಉಣ್ಣೆ ಕೊಡುವ ಕುರಿಗಳು ಮೇಯುತ್ತಿದ್ದ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲಿನ ಒಂದು ಪಾಲಿನಲ್ಲೇ ಇವತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಕುದಾಪುರ ಆವರಣವಿದೆ. ಹುಲ್ಲುಗಾವಲು ಕಳೆದುಕೊಂಡವರ ಅಳಲನ್ನು ನಾನು ಬಲ್ಲೆ. ಅಲ್ಲಿ ತರಬೇತಿ ಪಡೆದ ಮೇಷ್ಟ್ರುಗಳ ಪಾಠ ಆ ಕುರಿಗಾಹಿಗಳ ಮಕ್ಕಳಿಗೆ ತಲುಪಲೇಬೇಕು ಎಂಬುದು ನನ್ನ ಹಟ.

ಕೊಳವೆಗೆ ಅಡ್ಡಲಾಗಿ ಕ್ಷೇತ್ರ ಕೊಟ್ಟರೆ? ಕೊಳವೆಯ ಎಲೆಕ್ಟ್ರಾನುಗಳು ಒಂದು ಮಗ್ಗುಲಿಗೆ ಸರಿದು ಆ ಕ್ಷೇತ್ರವನ್ನು ಬಹುಪಾಲು ತಡೆದುಬಿಡುತ್ತವೆ. ಲೆಕ್ಕದ ಪ್ರಕಾರ ಒಳಗೆ ಮುಟ್ಟುವುದು ಸುಮಾರು ಐದರಲ್ಲಿ ಒಂದು ಪಾಲು. ತೆಳು ಕೊಳವೆಯ ಕಂದಕವನ್ನು ಹೀಗೆ ಬದಲಿಸಲು ನ್ಯಾನೊಮೀಟರಿಗೆ ವೋಲ್ಟುಗಟ್ಟಲೆ ಬೇಕು.

ಕಾಂತಕ್ಷೇತ್ರದ ಕಥೆ ಇದಕ್ಕಿಂತ ಸೊಗಸು. ಕೊಳವೆಯ ಉದ್ದಕ್ಕೆ ಕಾಂತಕ್ಷೇತ್ರ ಹಾಯಿಸಿದರೆ, ಸುತ್ತು ಬರುವ ಎಲೆಕ್ಟ್ರಾನಿನ ಅಲೆಗೆ ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಹೆಚ್ಚುವರಿ ತಿರುವು ಸಿಗುತ್ತದೆ. ಕೋಲಾಟದಲ್ಲಿ ಪ್ರತಿಯೊಬ್ಬರೂ ಹೆಜ್ಜೆಯನ್ನು ಕೂದಲೆಳೆಯಷ್ಟು ಮುಂದಿಟ್ಟರೆ ಕೂಡದ ಸುತ್ತು ಕೂಡಬಹುದು, ಕೂಡಿದ್ದು ತಪ್ಪಲೂಬಹುದು. ಅಂದರೆ ಲೋಹದಂತಿದ್ದ ಕೊಳವೆ ಅರೆವಾಹಕವಾಗುತ್ತದೆ, ಅರೆವಾಹಕ ಲೋಹದಂತಾಗುತ್ತದೆ. ಹೀಗಾಗುತ್ತದೆ ಎಂದು ಜಪಾನಿನ ಅಜಿಕಿ ಮತ್ತು ಆಂಡೊ 1993ರಲ್ಲೇ ಲೆಕ್ಕ ಹಾಕಿದ್ದರು. ಕೊಳವೆಯೊಳಗೆ ಹಾಯುವ ಕಾಂತ ಪ್ರವಾಹ ಒಂದು ನಿಗದಿತ ಅಳತೆ ಮುಟ್ಟಿದಾಗ ಎಲ್ಲವೂ ಮೊದಲಿನಂತಾಗುತ್ತದೆ. ಆ ಅಳತೆಯ ಮೂರನೇ ಒಂದು ಭಾಗದಲ್ಲೇ ಅರೆವಾಹಕದ ಕಂದಕ ಮುಚ್ಚಿಕೊಳ್ಳುತ್ತದೆ, ಏಕೆಂದರೆ ಅದರ ತಾಳ ತಪ್ಪಿದ್ದೇ ಮೂರರಲ್ಲೊಂದು ಹೆಜ್ಜೆ. ಪೂರ್ತಿ ಅಳತೆ ಮುಟ್ಟಲು ಒಂದು ನ್ಯಾನೊಮೀಟರಿನ ಕೊಳವೆಗೆ ಸುಮಾರು 5,300 ಟೆಸ್ಲಾ ಬೇಕು. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿರುವುದು ಒಂದೂವರೆ ಅಥವಾ ಮೂರು ಟೆಸ್ಲಾ. ಆದರೆ ಮೂವತ್ತು ನ್ಯಾನೊಮೀಟರ್ ದಪ್ಪದ ಬಹುಪದರ ಕೊಳವೆಗೆ ಆರು ಟೆಸ್ಲಾದೊಳಗೇ ಸಾಕು. 2004ರಲ್ಲಿ ಎರಡು ತಂಡಗಳು ಇದರ ಪುರಾವೆ ಕೊಟ್ಟವು. ಒಂದು ತಂಡ ದಪ್ಪ ಕೊಳವೆಗಳಲ್ಲಿ ಕಂದಕ ತೆರೆದು ಮುಚ್ಚುವುದನ್ನು ಕಂಡಿತು, ಇನ್ನೊಂದು 45 ಟೆಸ್ಲಾದವರೆಗೆ ಹೋಗಿ ತೆಳು ಕೊಳವೆಗಳು ಹೀರುವ ಬೆಳಕಿನ ಬಣ್ಣ ಸರಿಯುವುದನ್ನು ಕಂಡಿತು.

ಹೊರಗಿನ ಪ್ರಭಾವದ ಅತ್ಯಂತ ಅನಿರೀಕ್ಷಿತ ಅಳತೆ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಜಯ್ ಕುಮಾರ್ ಸೂದ್ ಅವರೂ ಜೊತೆಗಾರರೂ ಒಂದು ಪದರದ ಕೊಳವೆಗಳ ಕಂತೆಯನ್ನು ಎರಡು ಲೋಹದ ತುದಿಗಳ ನಡುವೆ ಒತ್ತಿ, ಅದರ ಮೇಲೆ ನೀರು ಹರಿಸಿದರು. ಬ್ಯಾಟರಿ ಇಲ್ಲ. ಆದರೂ ಹರಿವಿನ ದಿಕ್ಕಿನಲ್ಲಿ ಮಿಲಿವೋಲ್ಟುಗಳಷ್ಟು ವೋಲ್ಟೇಜು ಹುಟ್ಟಿತು. 2003ರಲ್ಲಿ ಸೈನ್ಸ್ ಪತ್ರಿಕೆ ಇದನ್ನು ಪ್ರಕಟಿಸಿತು. ಹರಿಯುವ ದ್ರವದ ಅಯಾನುಗಳು ಕೊಳವೆಯ ಪಕ್ಕದಲ್ಲೇ ಅಲುಗಾಡುವ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತವೆ, ಆ ಕ್ಷೇತ್ರ ಒಳಗಿನ ಎಲೆಕ್ಟ್ರಾನುಗಳನ್ನು ಎಳೆದೊಯ್ಯುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ಹರಿವಿನ ವೇಗ ಹತ್ತು ಪಟ್ಟಾದರೆ ವೋಲ್ಟೇಜು ಹತ್ತು ಪಟ್ಟಾಗುವುದಿಲ್ಲ, ಒಂದು ಮೆಟ್ಟಿಲಷ್ಟೇ ಏರುತ್ತದೆ. ಲಾಗರಿದಮ್ ಕಲಿಸುವ ಮೇಷ್ಟ್ರುಗಳು ಈ ಉದಾಹರಣೆಯನ್ನು ಕೈಬಿಡಬಾರದು. ನೀರು ಮುಟ್ಟಿದ್ದು ಹೊರಮೈಯನ್ನು, ಅಲುಗಿದ್ದು ವಿದ್ಯುತ್ತು!

ಇನ್ನು ಕುಂದಿನ ಮಾತು. ಒಂದು ಪರಮಾಣು ಕಾಣೆಯಾಗಬಹುದು, ಜೋಡಿ ಪರಮಾಣು ಹಾರಿಹೋಗಬಹುದು, ಯಾವುದೋ ಅನ್ಯ ಅಣು ಬಂದು ಅಂಟಿಕೊಳ್ಳಬಹುದು. ಅಥವಾ ಒಂದು ಕೊಂಡಿ ತೊಂಬತ್ತು ಡಿಗ್ರಿ ತಿರುಗಿ, ನಾಲ್ಕು ಆರು ಮೂಲೆಯ ಕಣ್ಣುಗಳ ಜಾಗದಲ್ಲಿ ಐದು ಮೂಲೆಯವು ಎರಡು, ಏಳು ಮೂಲೆಯವು ಎರಡು ಬರಬಹುದು. ಒಳ್ಳೆಯ ಕೊಳವೆಯಲ್ಲಿ ಕುಂದುಗಳೆಷ್ಟು? ಅಮೆರಿಕದ ಫಿಲಿಪ್ ಕಾಲಿನ್ಸ್ ಅವರ ತಂಡ 2005ರಲ್ಲಿ ಕುಂದಿರುವ ಕಡೆ ಮಾತ್ರ ಲೋಹ ಕೂರುವಂತೆ ಮಾಡಿ ಎಣಿಸಿತು: ಸರಾಸರಿ ನಾಲ್ಕು ಮೈಕ್ರೊಮೀಟರಿಗೆ ಒಂದು. ಲೆಕ್ಕ ಹಾಕಿ ನೋಡಿ, ಐದಾರು ಲಕ್ಷ ಪರಮಾಣುಗಳಲ್ಲಿ ಒಂದು ಕಡೆ ಎಡವಟ್ಟು. ಯಾವ ಮಗ್ಗವೂ ಇಷ್ಟು ಚೊಕ್ಕಟವಾಗಿ ನೇಯ್ದಿಲ್ಲ.

ಆದರೂ ಅದು ಸಾಲದು. ಬಳ್ಳಾರಿ ಹೆದ್ದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಪಕ್ಕದಿಂದ ಹೋಗಬಹುದು, ಹೊಲದ ಬದುವಿನ ಮೇಲೆ ಒಂದು ಗಾಡಿ ಕೆಟ್ಟರೆ ಹೋಗಲಾಗದು. ಲೋಹದ ಗುಣದ ಕೊಳವೆಯಲ್ಲಿ ಎಲೆಕ್ಟ್ರಾನಿಗಿರುವ ಹಾದಿಗಳು ಎರಡೇ. ಎಷ್ಟೇ ಶುದ್ಧವಾಗಿದ್ದರೂ ಅದರ ರೋಧ 6,450 ಓಮ್‌ಗಿಂತ ಕಡಿಮೆಯಾಗದು, ಅದು ನಿಸರ್ಗ ಹಾಕಿದ ಮಿತಿ. ಕುಂದುಗಳು ಸೇರಿದರೆ ಏನಾಗುತ್ತದೆ ಎಂಬುದನ್ನು ಸ್ಪೇನಿನ ಒಂದು ತಂಡ 2005ರಲ್ಲೇ ಅಳೆಯಿತು. ಅಯಾನುಗಳನ್ನು ಸಿಡಿಸಿ 400 ನ್ಯಾನೊಮೀಟರ್ ಉದ್ದದ ತುಂಡಿನಲ್ಲಿ ಜೋಡಿ ಪರಮಾಣುಗಳನ್ನು ಹಾರಿಸಿದರು. ಕುಂದು ಶೇಕಡಾ 0.03ರಷ್ಟಾದಾಗ ರೋಧ ಸಾವಿರ ಪಟ್ಟು ಏರಿತ್ತು. ಕುಂದುಗಳಿಗೆ ಬಡಿದು ಹಿಂದೆ ಮುಂದೆ ಪುಟಿಯುವ ಅಲೆಗಳು ಒಂದನ್ನೊಂದು ಅಳಿಸಿಕೊಂಡು ಎಲೆಕ್ಟ್ರಾನು ಇದ್ದಲ್ಲೇ ಸಿಕ್ಕಿಬೀಳುತ್ತದೆ. ಇದು ಸಾಮಾನ್ಯ ತಂತಿಯ ರೋಧವಲ್ಲ, ಉದ್ದ ಹೆಚ್ಚಿದಂತೆ ಗುಣಾಕಾರದಲ್ಲಿ ಬೆಳೆಯುವ ರೋಧ.

ಎಲ್ಲ ಅಡ್ಡಿಗಳೂ ಇಷ್ಟು ಕ್ರೂರವಲ್ಲ ಎಂಬುದು ಈ ವಿಷಯದಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ ಸಂಗತಿ. ಜೇನುಹುಟ್ಟಿನ ಬಲೆಯಲ್ಲಿ ಎರಡು ಬಗೆಯ ಜಾಗಗಳಿವೆ, ಒಂದು ಬಗೆಯ ಪರಮಾಣುವಿನ ಮೂರೂ ನೆರೆಯವರು ಇನ್ನೊಂದು ಬಗೆಯವರು. ಮುಂದಕ್ಕೆ ಹೋಗುವ ಎಲೆಕ್ಟ್ರಾನು ಈ ಎರಡೂ ಜಾಗಗಳಲ್ಲಿ ಒಂದು ಹೊಂದಾಣಿಕೆಯಲ್ಲಿ ಹರಡಿರುತ್ತದೆ, ಹಿಂದಕ್ಕೆ ಬರುವುದು ಅದಕ್ಕೆ ತದ್ವಿರುದ್ಧವಾದ ಹೊಂದಾಣಿಕೆಯಲ್ಲಿ. ಪಕ್ಕದ ಆಕ್ಸೈಡಿನಲ್ಲಿ ಸಿಕ್ಕಿಕೊಂಡ ವಿದ್ಯುದಂಶದ ಕ್ಷೇತ್ರ ಅಗಲವಾಗಿ ಹಬ್ಬಿದ್ದು, ಎರಡೂ ಜಾಗಗಳನ್ನು ಸಮನಾಗಿ ಮುಟ್ಟುತ್ತದೆ. ಸಮನಾಗಿ ಮುಟ್ಟಿದ್ದು ಹೊಂದಾಣಿಕೆಯನ್ನು ಕೆಡಿಸಲಾರದು, ಆದ್ದರಿಂದ ಲೋಹದ ಕೊಳವೆಯಲ್ಲಿ ಎಲೆಕ್ಟ್ರಾನು ಹಿಂದಕ್ಕೆ ತಿರುಗದೆ ಹಾದುಹೋಗುತ್ತದೆ. ಒಂದೇ ಪರಮಾಣು ಕಾಣೆಯಾದರೆ ಒಂದು ಬಗೆಯ ಜಾಗ ಮಾತ್ರ ಹೋಯಿತು, ಹೊಂದಾಣಿಕೆ ಮುರಿಯಿತು, ಎಲೆಕ್ಟ್ರಾನು ಹಿಮ್ಮೆಟ್ಟಿತು. ಹಾಸಿನ ತಪ್ಪು ಬೇರೆ, ಹೊಕ್ಕಿನ ತಪ್ಪು ಬೇರೆ ಎಂದೆನಲ್ಲ. ಅರೆವಾಹಕ ಕೊಳವೆಗೆ ಈ ರಕ್ಷಣೆ ಇಲ್ಲ, ಅದನ್ನು ಅಗಲವಾದ ಅಡ್ಡಿಯೂ ಕಾಡುತ್ತದೆ.

ಕುಂದು ಹೊಸ ಗುಣವನ್ನೇ ಹುಟ್ಟಿಸಬಹುದು. ಐದು ಮೂಲೆಯದೊಂದು ಏಳು ಮೂಲೆಯದೊಂದು ಜೋಡಿಯಾಗಿ ಕೂತರೆ ಕೊಳವೆ ಮೊಣಕೈಯಂತೆ ಬಾಗುತ್ತದೆ, ಬಾಗಿದ ಆಚೆಗೆ ಸುತ್ತಿನ ಓರೆಯೇ ಬೇರೆಯಾಗುತ್ತದೆ. ಈ ಕಡೆ ಲೋಹ, ಆ ಕಡೆ ಅರೆವಾಹಕ. ಅಂಥ ಬಾಗು ಡಯೋಡಿನಂತೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವುದನ್ನು 1999ರಲ್ಲಿ ಡೆಕ್ಕರ್ ಅವರ ಗುಂಪು ಅಳೆಯಿತು. ಮರುವರ್ಷವೇ ಬೆಂಗಳೂರಿನ ಸಿ. ಎನ್. ಆರ್. ರಾವ್ ಅವರೂ ಸಹೋದ್ಯೋಗಿಗಳೂ ನಿಕ್ಕಲೊಸೀನ್ ಎಂಬ ನಿಕ್ಕಲ್ ಸಂಯುಕ್ತವನ್ನು ಥಯೋಫೀನ್ ಜೊತೆ ಕಾಯಿಸಿ ಒಡೆದು, ಕವೆಗೋಲಿನ ಆಕಾರದ ಕೊಳವೆಗಳನ್ನು ಹೇರಳವಾಗಿ ಪಡೆದರು. ಅವರ ಅಳತೆಯಲ್ಲಿ ತೋಳುಗಳಲ್ಲಿ ಕಾಣದ ಡಯೋಡಿನ ಗುಣ ಕವಲು ಕೂಡುವ ಜಾಗದಲ್ಲಿ ಕಂಡಿತು.

ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕ ಕೊಡುತ್ತೇನೆ. ಕೊಳವೆಯ ಬಾಯನ್ನು ಗುಂಬಜಿನಂತೆ ಮುಚ್ಚಲು ಐದು ಮೂಲೆಯ ಕಣ್ಣುಗಳು ಆರು ಬೇಕು. ಮೂರು ತೋಳಿನ ಕವಲು ಬೇಕಾದರೆ ಏಳು ಮೂಲೆಯ ಕಣ್ಣುಗಳು ಆರು ಬೇಕು. ಆರಕ್ಕಿಂತ ಕಡಿಮೆ ಮೂಲೆ ಮೈಯನ್ನು ಬಟ್ಟಲಿನಂತೆ ಮುದುಡಿಸುತ್ತದೆ, ಹೆಚ್ಚು ಮೂಲೆ ಕುದುರೆಯ ಜೀನಿನಂತೆ ಅರಳಿಸುತ್ತದೆ. ಆಯ್ಲರ್ ಸೂತ್ರ ಗೊತ್ತಿದ್ದರೆ ಇದನ್ನು ಕಾಗದದ ಮೇಲೆ ಸಾಧಿಸಬಹುದು. ಕುಂದಿಲ್ಲದೆ ಕವಲೇ ಇಲ್ಲ.

ಕುಂದು ಓದಲು ಸಿಗುವ ಗುರುತೂ ಆಗಬಹುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಇಡೀ ಶಾಸನ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಸಾಗಿ, ಕೊನೆಗೆ ಅದನ್ನು ಬರೆದ ಚಪಡ ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ನೇಯ್ಗೆಗೆ ಹೊಂದದ ಆ ಒಂದು ಪದದಿಂದಲೇ ಅವನಿಗೆ ವಾಯವ್ಯ ಭಾರತದ ನಂಟಿತ್ತು ಎಂದು ವಿದ್ವಾಂಸರು ಊಹಿಸಿದರು. ಒಂಟಿ ಕೊಳವೆಯಲ್ಲಿ ಬೇಕೆಂದೇ ಒಂದು ಕುಂದು ಮಾಡಿ, ಅಲ್ಲಿ ಅಣುವೊಂದನ್ನು ಕಟ್ಟಿ, ಅದರ ಚಲನವಲನವನ್ನು ಕೊಳವೆಯ ವಿದ್ಯುತ್ತಿನಲ್ಲಿ ಓದಲು ಹೊರಟವರ ಪ್ರಯೋಗಗಳನ್ನು ಓದುವಾಗ ನನಗೆ ಆ ಬಂಡೆ ನೆನಪಾಗುತ್ತದೆ. ಉಳಿದೆಲ್ಲ ಸಾಲು ಒಂದೇ ಸಮ ಇದ್ದದ್ದರಿಂದಲೇ ಆ ಒಂದು ಗುರುತು ಓದಲು ಸಿಕ್ಕಿತು.

ಕ್ಷೇತ್ರವೂ ಕುಂದೂ ಒಟ್ಟಿಗೆ ಬಂದ ಪ್ರಯೋಗ 2001ರದು, ಹಾರ್ವರ್ಡಿನದು. ಲೋಹದ ಸೂಜಿಮೊನೆಗೆ ವೋಲ್ಟೇಜು ಕೊಟ್ಟು, ಮುಟ್ಟದೆ, ಕೊಳವೆಯ ಮೇಲೆ ಉದ್ದಕ್ಕೂ ಆಡಿಸಿದರು. ಚೊಕ್ಕಟ ನೇಯ್ಗೆಯ ಮೇಲೆ ಮೊನೆ ಹೋದಾಗ ವಿದ್ಯುತ್ತಿಗೆ ಏನೂ ಆಗಲಿಲ್ಲ. ಕೆಲವೇ ಕೆಲವು ಜಾಗಗಳ ಮೇಲೆ ಬಂದಾಗ ರೋಧ ಥಟ್ಟನೆ ಏರಿತು, ಮೊನೆಯ ವೋಲ್ಟೇಜು ಬದಲಿಸಿದರೆ ಇಳಿಯಿತು. ಅವೇ ಕುಂದುಗಳು. ಅಂದರೆ ಒಂದು ಕುಂದಿನ ರೋಧ ಇಷ್ಟೇ ಎಂದು ಹೇಳಲಾಗದು, ಅದರ ಮೇಲೆ ಬಿದ್ದಿರುವ ಕ್ಷೇತ್ರ ಎಷ್ಟು ಎಂದು ಕೇಳಬೇಕು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲ.

ಇದರಿಂದ ಉಪಯೋಗವೇನೆಂದು ಕೇಳುವ ಹಕ್ಕು ನಿಮಗಿದೆ. ಕೊಳವೆಗಳನ್ನು ಬೆಳೆಸಿದಾಗ ಸುಮಾರು ಮೂರರಲ್ಲಿ ಒಂದು ಲೋಹದ್ದಾಗುತ್ತದೆ, ಕಂಪ್ಯೂಟರಿಗೆ ಬೇಕಾದ್ದು ಅರೆವಾಹಕ. ಲೋಹದ ಒಂದು ಕೊಳವೆ ನುಸುಳಿದರೂ ಆ ತೂಬು ಮುಚ್ಚುವುದೇ ಇಲ್ಲ. 2013ರಲ್ಲಿ ಸ್ಟ್ಯಾನ್‌ಫರ್ಡಿನವರು 178 ಟ್ರಾನ್ಸಿಸ್ಟರುಗಳ ಚಿಕ್ಕ ಕಂಪ್ಯೂಟರ್ ಮಾಡಿದರು. ಬೇಕಾದ ಕೊಳವೆಗಳನ್ನು ತೂಬು ಮುಚ್ಚಿ ಕಾಪಾಡಿ, ಲೋಹದವುಗಳಲ್ಲಿ ಹೆಚ್ಚು ವಿದ್ಯುತ್ತು ಹಾಯಿಸಿ ಸುಟ್ಟರು. 2019ರಲ್ಲಿ ಎಂಐಟಿಯವರು 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳ ಚಿಪ್ ಮಾಡಿದರು. ಅಷ್ಟು ದೊಡ್ಡ ವಿದ್ಯುತ್ ಮಂಡಲಗಳಿಗೆ ಶೇಕಡಾ 99.999999 ಶುದ್ಧ ಅರೆವಾಹಕ ಕೊಳವೆಗಳು ಬೇಕೆಂದು ಮೊದಲ ಅಂದಾಜಿತ್ತು, ಅಂಥದ್ದು ಯಾರ ಬಳಿಯೂ ಇರಲಿಲ್ಲ. ಅವರು ಮಂಡಲದ ವಿನ್ಯಾಸವನ್ನೇ ಬದಲಿಸಿದರು. ಲೋಹದ ಕೊಳವೆ ಬಿದ್ದರೆ ಯಾವ ಜೋಡಣೆ ಕೆಡುತ್ತದೆ, ಯಾವುದು ತಡೆದುಕೊಳ್ಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ತಡೆದುಕೊಳ್ಳುವ ಜೋಡಣೆಗಳನ್ನೇ ಆರಿಸಿದರು. ಆಗ ಶೇಕಡಾ 99.99 ಸಾಕಾಯಿತು.

ಮೊಳಕಾಲ್ಮೂರಿನಲ್ಲಿ ಒಂದು ಹೊಕ್ಕಿನ ಎಳೆ ತಪ್ಪಿದ ಸೀರೆಯನ್ನು ತಾತ ಬಿಚ್ಚಿ ಮತ್ತೆ ನೇಯ್ದದ್ದನ್ನೂ ಕಂಡಿದ್ದೇನೆ, ಹಾಗೇ ಬಿಟ್ಟದ್ದನ್ನೂ ಕಂಡಿದ್ದೇನೆ. ಸೆರಗಿನಲ್ಲಿದ್ದರೆ ಬಿಚ್ಚುತ್ತಿದ್ದರು. ನೆರಿಗೆಯೊಳಗೆ ಹೋಗುವ ಜಾಗದಲ್ಲಿದ್ದರೆ ಅಂಗೈಯಿಂದ ಒಮ್ಮೆ ಸವರಿ, ಮುಂದಿನ ಮರಕ್ಕೆ ಸುತ್ತಿಬಿಡುತ್ತಿದ್ದರು.